ಬೆಳಗಿನ ಜಾವ ಮಾರ್ಕೆಟ್, ಮಧ್ಯಾಹ್ನ ಬಳೇಪೇಟೆ: ಹಳೇ ಬೆಂಗಳೂರನ್ನು ನಡೆದು ನೋಡುವ ದಾರಿ

ಬೆಂಗಳೂರಿಗೆ ನೆಂಟರು ಬಂದರೆ ನಾವು ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ? ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧದ ಮುಂದೆ ಒಂದು ಫೋಟೊ, ಸಂಜೆ ಚರ್ಚ್ ಸ್ಟ್ರೀಟ್. ಅಷ್ಟೇ ಅಲ್ವಾ? ಊರು ಹುಟ್ಟಿದ ಜಾಗವೇ ಈ ಪಟ್ಟಿಯಲ್ಲಿ ಇರುವುದಿಲ್ಲ. ಮದುವೆ ಸೀರೆಗೆ ಚಿಕ್ಕಪೇಟೆಗೆ ಹೋಗಿರುತ್ತೇವೆ, ಹಬ್ಬದ ಹಿಂದಿನ ದಿನ ಹೂವಿಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿರುತ್ತೇವೆ. ಜನ, ಹಾರನ್ನು, ಕೆಸರು ಎಂದು ಬೈದುಕೊಂಡು ಕೆಲಸ ಮುಗಿದ ಕೂಡಲೇ ಆಟೊ ಹತ್ತಿರುತ್ತೇವೆ. ಸುತ್ತಮುತ್ತ ಏನಿತ್ತು ಎಂದು ನೋಡುವ ಪುರುಸೊತ್ತು ಇರಲೇ ಇಲ್ಲ.

ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಊರು ಶುರು ಮಾಡಿದ್ದು ಇಲ್ಲೇ. ದೊಡ್ಡಪೇಟೆ ಬೀದಿ ಮತ್ತು ಚಿಕ್ಕಪೇಟೆ ಬೀದಿ ಕೂಡುವ ಚೌಕದಲ್ಲಿ ನಾಲ್ಕು ಜೋಡಿ ಎತ್ತು ನಿಲ್ಲಿಸಿ, ನಾಲ್ಕು ದಿಕ್ಕಿಗೂ ನೇಗಿಲ ಗೆರೆ ಎಳೆಸಿದರು ಎನ್ನುವ ಕಥೆಯನ್ನು ಶಾಲೆಯಲ್ಲಿ ಓದಿದ್ದೇವೆ. ಆ ಚೌಕ ಈಗಲೂ ಇದೆ. ಅಲ್ಲಿ ನಿಂತುಕೊಳ್ಳಬಹುದು. ಹಿಂದಿನಿಂದ ಯಾರಾದರೂ ಗಾಡಿ ತಳ್ಳಿಕೊಂಡು ಬರುವ ತನಕ, ಅಷ್ಟೇ.

ಪೇಟೆ ನೋಡುವುದಕ್ಕೆ ನಾನು ಕೊಡುವ ಸಲಹೆ ಒಂದೇ. ಯಾವ ಜಾಗ ನೋಡಬೇಕು ಎಂದು ಪಟ್ಟಿ ಮಾಡುವ ಮೊದಲು, ಯಾವ ಬೀದಿ ಎಷ್ಟು ಗಂಟೆಗೆ ಎದ್ದು ಕೂರುತ್ತದೆ ಎಂದು ತಿಳಿದುಕೊಳ್ಳಿ. ಬೆಳಗ್ಗೆ ಆರಕ್ಕೆ ಚಿಕ್ಕಪೇಟೆಗೆ ಹೋದರೆ ಬರೀ ಷಟರ್ ಕಾಣುತ್ತದೆ. ಹನ್ನೊಂದಕ್ಕೆ ಹೂವಿನ ಮಾರ್ಕೆಟ್‌ಗೆ ಹೋದರೆ ಬಾಡಿದ ದಳಗಳ ರಾಶಿ ಕಾಣುತ್ತದೆ. ಹೊತ್ತು ಸರಿಯಾಗಿ ಹಿಡಿದರೆ ಅದೇ ಬೀದಿ ಬೇರೆಯದೇ ಆಗಿರುತ್ತದೆ. ಕೆಳಗಿನ ದಾರಿಯನ್ನು ಆ ಲೆಕ್ಕದಲ್ಲೇ ಹೇಳಿದ್ದೇನೆ. ಬೆಳಗ್ಗೆ ಆರಕ್ಕೆ ಶುರು ಮಾಡಿ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಸಬಹುದು. ನಡಿಗೆ ಐದಾರು ಕಿಲೋಮೀಟರ್ ಆಗಬಹುದು, ಆದರೆ ನಿಂತು ನಿಂತು ಹೋಗುವುದರಿಂದ ಅಷ್ಟು ಗೊತ್ತಾಗುವುದಿಲ್ಲ.

ಯಾವ ದಿನ ಹೋಗಬೇಕು

ಮಂಗಳವಾರದಿಂದ ಶುಕ್ರವಾರದ ಒಳಗೆ ಒಂದು ದಿನ ರಜೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಶನಿವಾರವೂ ಆಗುತ್ತದೆ, ಮಧ್ಯಾಹ್ನದ ಮೇಲೆ ಜನ ಜಾಸ್ತಿ. ಭಾನುವಾರ ಸಗಟು ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಮುಚ್ಚಿದ ಬಾಗಿಲುಗಳ ಮೇಲೆ ಹಳೇ ಕಟ್ಟಡಗಳ ಮಹಡಿ, ಮರದ ಕಿಟಕಿ, ಸುಣ್ಣದ ಹೂಬಳ್ಳಿ ಕೆಲಸ ಚೆನ್ನಾಗಿ ಕಾಣುತ್ತದೆ ಎನ್ನುವುದು ನಿಜ. ಚಿಕ್ಕಪೇಟೆ ಸುತ್ತ ಭಾನುವಾರ ಬೆಳಗ್ಗೆ ಸಂಡೇ ಬಜಾರ್ ಕೂಡ ಇರುತ್ತದೆ. ಹಳೇ ರೇಡಿಯೊ, ಸ್ಪ್ಯಾನರ್, ಒಂದೇ ಕಾಲಿನ ಶೂ, ಎಲ್ಲಾ ರಸ್ತೆ ಮೇಲೆ ಹರಡಿರುತ್ತಾರೆ. ಆದರೆ ವ್ಯಾಪಾರ ಇಲ್ಲದ ಪೇಟೆ ನೋಡಿದರೆ ಅರ್ಧ ನೋಡಿದ ಹಾಗೆ. ಮೊದಲ ಸಲ ಹೋಗುವವರು ಕೆಲಸದ ದಿನವೇ ಹೋಗಿ.

ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಗಳ ಹಿಂದಿನ ಎರಡು ದಿನ ಮಾರ್ಕೆಟ್ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲವನ್ನೇ ನೋಡಬೇಕು ಎನ್ನುವವರು ಹೋಗಬಹುದು. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಬೇಡ.

ಹೊರಡುವ ಮುಂಚೆ

ಕಾರು ತರಬೇಡಿ. ಸ್ಕೂಟರ್ ಕೂಡ ಬೇಡ. ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಬೆಳಗು ಕಳೆದುಹೋಗುತ್ತದೆ. ಮೆಟ್ರೊ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರ್ಕೆಟ್ ಎಂದು ಎರಡು ನಿಲ್ದಾಣ ಅಕ್ಕಪಕ್ಕದಲ್ಲೇ ಇವೆ. 2017ರಲ್ಲಿ ಈ ಸುರಂಗದ ಹಾದಿ ತೆರೆದ ಮೇಲೆ ಪೇಟೆಗೆ ಬಂದು ಹೋಗುವುದು ಸಲೀಸಾಯಿತು. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ಚಿಕ್ಕಪೇಟೆ ನಿಲ್ದಾಣದಲ್ಲಿ ಹತ್ತುವುದು ನಮ್ಮ ಲೆಕ್ಕ. ವಾರದ ದಿನಗಳಲ್ಲಿ ಬೆಳಗ್ಗೆ ಬೇಗನೇ ರೈಲು ಶುರುವಾಗುತ್ತದೆ. ಭಾನುವಾರ ತಡ. ಬಸ್ಸಿನವರಿಗೆ ಇನ್ನೂ ಸುಲಭ, ಊರಿನ ಎಲ್ಲಾ ದಿಕ್ಕಿನಿಂದಲೂ ಮಾರ್ಕೆಟ್‌ಗೆ ಬಸ್ ಇದೆ.

ಕಾಲಿಗೆ ಮುಚ್ಚಿದ ಚಪ್ಪಲಿಯೋ ಹಳೇ ಶೂನೋ ಇರಲಿ. ಮಾರ್ಕೆಟ್ ಒಳಗೆ ನೆಲ ಯಾವಾಗಲೂ ಒದ್ದೆ, ಬಾಳೆ ಎಲೆ, ಎಲೆಕೋಸಿನ ಸಿಪ್ಪೆ ಬಿದ್ದು ಜಾರುತ್ತದೆ. ಬಿಳಿ ಪ್ಯಾಂಟು ಹಾಕಿಕೊಂಡು ಬಂದರೆ ನಿಮ್ಮ ಹಣೆಬರಹ. ದೇವಸ್ಥಾನಗಳಿಗೂ ಹೋಗುವುದಿದೆ, ಹಾಗಾಗಿ ಬಿಚ್ಚಿ ಹಾಕಲು ಸುಲಭವಾದ ಪಾದರಕ್ಷೆ ಇದ್ದರೆ ಒಳ್ಳೆಯದು. ನೀರಿನ ಬಾಟಲಿ, ಬಟ್ಟೆ ಚೀಲ, ಸ್ವಲ್ಪ ಚಿಲ್ಲರೆ. ಈಗ ಹೂವಿನವರ ಹತ್ತಿರವೂ ಸ್ಕ್ಯಾನ್ ಮಾಡಲು ಬೋರ್ಡು ಇರುತ್ತದೆ. ಆದರೂ ಜನ ನೂಕುವ ಕಡೆ ನಿಂತು ಫೋನ್ ತೆಗೆಯುವುದಕ್ಕಿಂತ ಇಪ್ಪತ್ತರ ನೋಟು ಕೊಡುವುದು ಬೇಗ. ಫೋನ್ ಮುಂದಿನ ಜೇಬಿನಲ್ಲಿ ಇರಲಿ, ಬ್ಯಾಗು ಎದೆ ಮೇಲೆ ಇರಲಿ.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ಎಲ್ಲರಿಗೂ ಬೇಕು. ಮೆಟ್ರೊ ನಿಲ್ದಾಣದ್ದೇ ಉಪಯೋಗಿಸಿ. ಇಳಿದ ಕೂಡಲೇ ಒಂದು ಸಲ, ಆಮೇಲೆ ತಿಂಡಿ ತಿನ್ನುವ ಹೋಟೆಲಿನಲ್ಲಿ. ಪೇಟೆಯ ಒಳಗೆ ಹೋದ ಮೇಲೆ, ಮುಖ್ಯವಾಗಿ ಹೆಂಗಸರಿಗೆ, ಇದು ಕಷ್ಟ.

ಹೂವಿನಿಂದ ಶುರು

ಆರು ಗಂಟೆಯ ಒಳಗೆ ಮಾರ್ಕೆಟ್ ಕಟ್ಟಡದ ಒಳಗಿರಿ. ಇದಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ ಎಂದು ಹೆಸರು ಬಂದಿದ್ದು 1920ರ ದಶಕದಲ್ಲಿ. ಅದಕ್ಕೂ ಮೊದಲು ಇಲ್ಲಿ ಸಿದ್ಧಿಕಟ್ಟೆ ಎನ್ನುವ ಕೆರೆ ಇತ್ತು. ಹಳಬರ ಬಾಯಲ್ಲಿ ಈಗಲೂ ಸಿಟಿ ಮಾರ್ಕೆಟ್. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದಾಗ ಮೊದಮೊದಲು ದೀಪ ಬೆಳಗಿದ ಜಾಗಗಳಲ್ಲಿ ಇದೂ ಒಂದು.

ಒಳಗೆ ಹೋಗುವಾಗ ಅರ್ಧ ಜನ ಕೆಳಗಿನ ಹೂವಿನ ಅಂಗಳದಲ್ಲೇ ಸಿಕ್ಕಿಕೊಳ್ಳುತ್ತಾರೆ. ಮೊದಲು ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗಿ, ಕೆಳಗೆ ನೋಡಿ. ಹಳದಿ ಚೆಂಡು ಹೂವು, ಬಿಳಿ ಸೇವಂತಿಗೆ, ಕೆಂಪು ಗುಲಾಬಿ, ಒಂದೊಂದೂ ಒಂದೊಂದು ಗುಡ್ಡೆ. ನಡುವೆ ತಲೆ ಮೇಲೆ ಮೂಟೆ ಹೊತ್ತ ಹಮಾಲಿಗಳು. ಫೋಟೊ ತೆಗೆಯಲು ಇದೇ ಜಾಗ. ಇಲ್ಲಿ ಯಾರ ದಾರಿಗೂ ಅಡ್ಡ ಆಗುವುದಿಲ್ಲ. ಒಂದು ಹತ್ತು ನಿಮಿಷ ಸುಮ್ನೆ ನಿಂತು ನೋಡಿದರೆ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಗೊತ್ತಾಗುತ್ತದೆ. ಬಿಡಿ ಹೂವು ತೂಕಕ್ಕೆ, ಕಟ್ಟಿದ ಹೂವು ಮೊಳಕ್ಕೆ ಅಥವಾ ಮಾರಿಗೆ, ಹಾರ ಜೋಡಿಗೆ. ಮೊಳ ಅಳೆಯುವ ಕೈ ಚಿಕ್ಕದಾ ದೊಡ್ಡದಾ ಎನ್ನುವುದರ ಮೇಲೆ ಇಲ್ಲಿ ದಿನವೂ ಜಗಳ.

ಆಮೇಲೆ ಕೆಳಗಿಳಿಯಿರಿ. ಮಲ್ಲಿಗೆ, ಕನಕಾಂಬರ, ಸುಗಂಧರಾಜ, ಕಾಕಡ, ಮರುಗ, ದವನ. ಒಂದೊಂದರ ವಾಸನೆ ಬೇರೆ ಮಾಡಿಕೊಂಡು ಹೋಗಿ. ಮಾರ್ಕೆಟ್‌ನಲ್ಲಿ ನಡೆಯುವುದಕ್ಕೆ ಒಂದು ನಿಯಮ ಇದೆ: ನಡು ದಾರಿಯಲ್ಲಿ ನಿಲ್ಲಬೇಡಿ. ಹಿಂದಿನಿಂದ “ಸೈಡ್, ಸೈಡ್” ಎಂದು ಕೂಗು ಬಂದರೆ ತಿರುಗಿ ನೋಡುವ ಮೊದಲೇ ಸರಿದುಬಿಡಿ. ಐವತ್ತು ಕೆ.ಜಿ. ಹೊತ್ತವನಿಗೆ ನಿಲ್ಲುವುದು ಕಷ್ಟ, ನಿಮಗೆ ಸರಿಯುವುದು ಸುಲಭ.

ಏನಾದರೂ ಕೊಳ್ಳಿ. ಒಂದು ಮೊಳ ಹೂವಾದರೂ ಸರಿ. ಆದರೆ ಬೋಣಿ ಹೊತ್ತಿನಲ್ಲಿ ಚೌಕಾಸಿ ಮಾಡಿ, ಕೊನೆಗೆ ಬೇಡ ಎಂದು ಎದ್ದು ಹೋಗಬೇಡಿ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವಿಡೀ ವ್ಯಾಪಾರ ಕೂರುವುದಿಲ್ಲ ಎನ್ನುವ ನಂಬಿಕೆ ಪೇಟೆಯ ಎಲ್ಲಾ ಬೀದಿಯಲ್ಲೂ ಇದೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆ ಕೇಳಬೇಡಿ, ನೋಡಿಕೊಂಡು ಹೋಗಿ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಹೊರಗೆ ಬಂದರೆ ಒಂದು ಕಡೆ ತರಕಾರಿ, ಒಂದು ಕಡೆ ವೀಳ್ಯದೆಲೆ, ಬಾಳೆಕಂದು. ತಲೆ ಎತ್ತಿದರೆ ಜಾಮಿಯಾ ಮಸೀದಿಯ ಬಿಳಿ ಗುಮ್ಮಟ, ಮಿನಾರು. ಮಾರ್ಕೆಟ್ ಮೇಲೆ ಹಾದುಹೋಗುವ ಫ್ಲೈಓವರ್‌ನಿಂದ ಇವೆಲ್ಲ ಒಂದು ಕ್ಷಣ ಕಂಡು ಮಾಯವಾಗುತ್ತವೆ. ಮೈಸೂರು ರಸ್ತೆಗೆ ಓಡುವವರಿಗೆ ಅಷ್ಟೇ ಸಾಕೇನೋ.

ತರಗುಪೇಟೆ, ಆಮೇಲೆ ತಿಂಡಿ

ಏಳು ಗಂಟೆ ಹೊತ್ತಿಗೆ ಮಾರ್ಕೆಟ್ ಹಿಂದಿನ ಹಳೇ ತರಗುಪೇಟೆಗೆ ಒಂದು ಸುತ್ತು ಹಾಕಿ. ಬೇಳೆ, ಕಾಳು, ಒಣಮೆಣಸಿನಕಾಯಿ, ಕೊಬ್ಬರಿ, ಬೆಲ್ಲ. ಲಾರಿಗಳಿಂದ ಮೂಟೆ ಇಳಿಸುವುದು ನಡೆಯುತ್ತಿರುತ್ತದೆ. ಮೆಣಸಿನಕಾಯಿ ಅಂಗಡಿ ಸಾಲಿನಲ್ಲಿ ಸೀನು ಬಂದೇ ಬರುತ್ತದೆ. ಇಲ್ಲಿ ನಿಂತು ನೋಡುವಂಥ ಕಟ್ಟಡ ಜಾಸ್ತಿ ಇಲ್ಲ. ಹದಿನೈದು ನಿಮಿಷ ಸಾಕು.

ತಿಂಡಿ ಇಲ್ಲೇ ಮುಗಿಸಿಕೊಳ್ಳಿ. ಹಮಾಲಿಗಳು, ಹೂವಿನವರು ನಿಂತು ತಿನ್ನುವ ಚಿಕ್ಕ ಹೋಟೆಲ್‌ಗಳು ಮಾರ್ಕೆಟ್ ಸುತ್ತ ಎಷ್ಟೋ ಇವೆ. ಗಿರಾಕಿ ಜಾಸ್ತಿ ಇರುವ ಕಡೆ ಇಡ್ಲಿ ಬಿಸಿ ಇರುತ್ತದೆ, ಅಷ್ಟು ನೋಡಿಕೊಂಡರೆ ಸಾಕು. ಇಬ್ಬರಿದ್ದರೆ ಬೈಟು ಕಾಫಿ ಹೇಳಿ. ಹೊಟ್ಟೆ ಪೂರ್ತಿ ತುಂಬಿಸಿಕೊಳ್ಳಬೇಡಿ, ಮುಂದೆ ದೋಸೆ ಇದೆ.

ಕೋಟೆ ಕಡೆ

ಎಂಟೂವರೆ ಹೊತ್ತಿಗೆ ರಸ್ತೆ ದಾಟಿ ಕೋಟೆಗೆ ಬನ್ನಿ. ಈ ರಸ್ತೆ ದಾಟುವುದೇ ಇಡೀ ದಿನದ ಸಾಹಸ. ಸಿಗ್ನಲ್ ಹತ್ತಿರ ದೊಡ್ಡ ಗುಂಪಿನ ಜೊತೆ ಸೇರಿಕೊಂಡು ದಾಟಿ, ಒಬ್ಬರೇ ಓಡಬೇಡಿ.

ಕಲ್ಲಿನ ಕೋಟೆ ಹೈದರಾಲಿ ಕಾಲದ್ದು, 1761ರಲ್ಲಿ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಲು ಶುರು ಮಾಡಿದ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಸುತ್ತಿನ ಸ್ವಲ್ಪ ಗೋಡೆ. ಉಳಿದ ಕೋಟೆ ಎಲ್ಲಿ ಹೋಯಿತು ಎಂದು ಕೇಳಿದರೆ, ಸುತ್ತ ನೋಡಿ. ಆಸ್ಪತ್ರೆ, ಶಾಲೆ, ಮೆಡಿಕಲ್ ಕಾಲೇಜು, ರಸ್ತೆ, ಎಲ್ಲಾ ಅದೇ ಜಾಗದಲ್ಲಿ ಎದ್ದಿವೆ. ಒಳಗೆ ಒಂದು ಗಣಪತಿ ಗುಡಿ ಇದೆ. ಬಾಗಿಲ ಕಮಾನಿನ ಮೇಲಿನ ಗಾರೆ ಕೆಲಸವನ್ನು ಕತ್ತು ಎತ್ತಿ ನೋಡಿ. ಯುದ್ಧಕ್ಕೆ ಕಟ್ಟಿದ ಬಾಗಿಲಿಗೆ ಇಷ್ಟು ಅಂದ ಯಾಕೆ ಬೇಕಿತ್ತು ಅನ್ನಿಸುತ್ತದೆ.

ಹೊರಗಿನ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಹುಡುಕಿ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ ಇದು ಎಂದು ಅದರಲ್ಲಿ ಕೆತ್ತಿದ್ದಾರೆ. ಗೆದ್ದವರು ಹಾಕಿಸಿದ ಫಲಕ. ಅದಕ್ಕೂ ಎರಡು ವಾರ ಮೊದಲು, ಮಾರ್ಚ್ 7ರಂದು, ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಯನ್ನು ಹಿಡಿದಿತ್ತು. ಅವರು ನುಗ್ಗಿದ್ದು ಹಲಸೂರು ಬಾಗಿಲಿನಿಂದ. ಪೇಟೆಯೂ ಆಗ ಕಂದಕ, ಮುಳ್ಳುಬೇಲಿ ಸುತ್ತಿದ ಊರು. ಆ ಬಾಗಿಲು ಈಗಿಲ್ಲ, ಹಲಸೂರು ಗೇಟ್ ಪೊಲೀಸ್ ಠಾಣೆ ಮಾತ್ರ ಇದೆ. ಈ ದಾರಿಯಲ್ಲಿ ನೀವು ಆ ಕಡೆಗೂ ಹೋಗುತ್ತೀರಿ, ನೆನಪಿನಲ್ಲಿಟ್ಟುಕೊಳ್ಳಿ.

ದಕ್ಷಿಣಕ್ಕೆ ಸ್ವಲ್ಪ ನಡೆದರೆ ಕೋಟೆ ವೆಂಕಟರಮಣ ದೇವಸ್ಥಾನ. ಚಿಕ್ಕದೇವರಾಜ ಒಡೆಯರ ಕಾಲದ್ದು, ಹದಿನೇಳನೇ ಶತಮಾನದ ಕೊನೆಯದು. ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ 1781ರಲ್ಲಿ ಶುರು ಮಾಡಿಸಿ, ಟಿಪ್ಪು 1791ರಲ್ಲಿ ಮುಗಿಸಿದ್ದು. ತೇಗದ ಕಂಬ, ಕಮಾನು, ಎದುರುಬದುರು ಬಾಲ್ಕನಿ. ಟಿಕೆಟ್ ಇದೆ. ಅರಮನೆ ಎಂದು ಮೈಸೂರನ್ನು ನೆನೆಸಿಕೊಂಡು ಹೋದರೆ ನಿರಾಸೆ. ಚಿಕ್ಕದು, ಬಣ್ಣ ಮಾಸಿದ್ದು. ನನಗೆ ಅಲ್ಲಿ ಇಷ್ಟವಾಗುವ ವಿಷಯ ಬೇರೆ. ಟಿಪ್ಪು ಹೋದ ಮೇಲೆ ಈ ಮರದ ಮನೆಯಲ್ಲಿ ಸರ್ಕಾರಿ ಕಚೇರಿ ನಡೆಯಿತು. 1868ರಲ್ಲಿ ಅಠಾರಾ ಕಚೇರಿಗೆ, ಅಂದರೆ ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡಕ್ಕೆ, ಹೋಗುವ ತನಕ ಗುಮಾಸ್ತರು ಕಡತ ಇಟ್ಟುಕೊಂಡು ಕೂತಿದ್ದು ಇಲ್ಲೇ. ಈ ಎಲ್ಲಕ್ಕೂ ಸೇರಿ ಒಂದು ಗಂಟೆ ಸಾಕು.

ದೊಡ್ಡಪೇಟೆ ಮತ್ತು ಚೌಕ

ಹತ್ತು ಗಂಟೆಯ ಹೊತ್ತಿಗೆ ಮತ್ತೆ ಮಾರ್ಕೆಟ್ ಕಡೆ ಬಂದು ಅವೆನ್ಯೂ ರಸ್ತೆ ಹಿಡಿಯಿರಿ. ಇದೇ ಹಳೇ ದೊಡ್ಡಪೇಟೆ ಬೀದಿ. ಮಾರ್ಕೆಟ್‌ನಿಂದ ಮೈಸೂರು ಬ್ಯಾಂಕ್ ಸರ್ಕಲ್ ತನಕ ನೇರ ಉತ್ತರಕ್ಕೆ, ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಬೀದಿ ಅಗಲ ನೋಡಿದರೆ ದೊಡ್ಡಪೇಟೆ ಎಂದು ಯಾಕೆ ಕರೆದರೋ ಎನ್ನಬೇಡಿ. ಎತ್ತಿನ ಗಾಡಿ ಕಾಲದಲ್ಲಿ ಇದು ರಾಜಮಾರ್ಗವೇ.

ಅಂಗಡಿಗಳು ಈಗ ತಾನೇ ಬಾಗಿಲು ತೆಗೆಯುತ್ತಿರುತ್ತವೆ. ನೀರು ಚಿಮುಕಿಸುವುದು, ಗಲ್ಲಾಪೆಟ್ಟಿಗೆಗೆ ಹೂವು ಇಡುವುದು, ಬಾಗಿಲಿಗೆ ಊದುಬತ್ತಿ ತೋರಿಸುವುದು. ಈ ಅರ್ಧ ಗಂಟೆ ಪೇಟೆಯ ಚೆಂದದ ಹೊತ್ತು. ಗದ್ದಲ ಇನ್ನೂ ಶುರುವಾಗಿರುವುದಿಲ್ಲ, ನೆಲಮಟ್ಟದ ಅಂಗಡಿಯ ಬೋರ್ಡುಗಳಿಂದ ಕಣ್ಣು ಮೇಲೆ ಎತ್ತಿದರೆ ಹಳೇ ಮನೆಗಳ ಮೊದಲ ಮಹಡಿ ಕಾಣುತ್ತದೆ. ಮರದ ಕಟಾಂಜನ, ಬಣ್ಣದ ಗಾಜು, ಮೇಲೆ ಒಂದು ಇಸವಿ. ಕೆಳಗೆ ಗಾಜಿನ ಶೋರೂಮ್, ಮೇಲೆ ತಾತನ ಕಾಲದ ಮನೆ. ವರ್ಷ ವರ್ಷಕ್ಕೂ ಇಂಥವು ಕಡಿಮೆಯಾಗುತ್ತಿವೆ, ಕಂಡಿದ್ದನ್ನು ಕಂಡಾಗಲೇ ನೋಡಿ.

ನಡುವೆ ಎಲ್ಲೋ ಚಿಕ್ಕಪೇಟೆ ಬೀದಿ ಎಡದಿಂದ ಬಂದು ಸೇರುತ್ತದೆ. ಅದೇ ಚೌಕ. ದೊಡ್ಡ ಗುರುತೇನೂ ಎದ್ದು ಕಾಣುವುದಿಲ್ಲ. ಅಂಗಡಿಯವರನ್ನು “ಅಣ್ಣ, ದೊಡ್ಡಪೇಟೆ ಚೌಕ ಇದೇನಾ?” ಎಂದು ಕೇಳಿ. ಮೂಲೆಯಲ್ಲಿ ಸರಿದು ನಿಂತು ನಾಲ್ಕು ಕಡೆಯೂ ನೋಡಿ. ಉತ್ತರಕ್ಕೆ ಯಲಹಂಕ ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು, ಪೂರ್ವಕ್ಕೆ ಹಲಸೂರು, ಪಶ್ಚಿಮಕ್ಕೆ ಸೊಂಡೆಕೊಪ್ಪ. ಹಳೇ ಊರು ಇಷ್ಟೇ ಇದ್ದಿದ್ದು. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಆರಾಮಾಗಿ ನಡೆದು ಹೋಗಬಹುದಿತ್ತು. ಈಗ ವೈಟ್‌ಫೀಲ್ಡ್‌ನಿಂದ ಇಲ್ಲಿಗೆ ಬರಲು ನಿಮಗೆ ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿ.

ಚೌಕದಲ್ಲಿ ತಿರುಗುವ ಮೊದಲು ಅವೆನ್ಯೂ ರಸ್ತೆಯನ್ನು ಪೂರ್ತಿ ನಡೆದುಬಿಡಿ. ಪುಸ್ತಕದ ಅಂಗಡಿಗಳು ಸಿಗುತ್ತವೆ. ಪಠ್ಯಪುಸ್ತಕ, ಗೈಡು, ಸೆಕೆಂಡ್ ಹ್ಯಾಂಡ್ ಎಂಜಿನಿಯರಿಂಗ್ ಪುಸ್ತಕ. ಊರಿನ ಮೂರು ತಲೆಮಾರಿನ ವಿದ್ಯಾರ್ಥಿಗಳು ಇಲ್ಲಿ ಚೌಕಾಸಿ ಮಾಡಿದ್ದಾರೆ. ಮುಂದೆ ರೈಸ್ ಮೆಮೋರಿಯಲ್ ಚರ್ಚ್. ಹೆಸರು ಬಂದಿದ್ದು ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ಅವರಿಂದ. ಇವರ ಮಗನೇ ಬಿ.ಎಲ್. ರೈಸ್, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ನಮ್ಮ ನಾಡಿನ ಸಾವಿರಾರು ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದವರು. ಬಟ್ಟೆ ಅಂಗಡಿಗಳ ನಡುವೆ ಕಂಬಗಳಿರುವ ಚರ್ಚು ನೋಡಿ ಜನ ಹಾಗೇ ದಾಟಿ ಹೋಗುತ್ತಾರೆ. ನೀವು ನಿಲ್ಲಿ.

ಉತ್ತರದ ತುದಿಯಲ್ಲಿ ಯಲಹಂಕ ಬಾಗಿಲ ಆಂಜನೇಯನ ಗುಡಿ ಇದೆ. ಬಾಗಿಲು ಹೋಗಿ ಆಂಜನೇಯ ಉಳಿದ. ಎದುರಿಗೆ ಮೈಸೂರು ಬ್ಯಾಂಕ್. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಒಳಗೆ ಸೇರಿಹೋಯಿತು. ಸರ್ಕಲ್‌ಗೆ ಮಾತ್ರ ಇನ್ನೂ ಅದೇ ಹೆಸರು.

ಪೂರ್ವದ ಗಲ್ಲಿಗಳು

ಈಗ ಅವೆನ್ಯೂ ರಸ್ತೆಯ ಪೂರ್ವಕ್ಕೆ ಒಳಗೆ ಹೋಗಿ. ಕಬ್ಬನ್‌ಪೇಟೆ, ನಗರ್ತಪೇಟೆ, ತಿಗಳರಪೇಟೆ. ಇಲ್ಲಿ ಮ್ಯಾಪ್ ನೋಡಿಕೊಂಡು ನಡೆಯುವುದರಲ್ಲಿ ಅರ್ಥ ಇಲ್ಲ. ಗಲ್ಲಿ ಕಿರಿದು, ಫೋನಿನ ನೀಲಿ ಚುಕ್ಕೆ ಪಕ್ಕದ ಬೀದಿಯಲ್ಲಿ ಕುಣಿಯುತ್ತಿರುತ್ತದೆ. ಧರ್ಮರಾಯಸ್ವಾಮಿ ದೇವಸ್ಥಾನ ಎಲ್ಲಿ ಎಂದು ಕೇಳುತ್ತಾ ಹೋಗಿ. ಎಲ್ಲರಿಗೂ ಗೊತ್ತು.

ಕಬ್ಬನ್‌ಪೇಟೆ ನೇಕಾರರ ಜಾಗ. ಮಗ್ಗಗಳು ಮುಂಚಿನಷ್ಟು ಇಲ್ಲ. ಕಿವಿಗೊಟ್ಟು ನಡೆದರೆ ಯಾವುದೋ ಮನೆಯ ಒಳಗಿನಿಂದ ಲಟಪಟ ಸದ್ದು ಕೇಳಬಹುದು. ಬಾಗಿಲು ತೆರೆದಿದ್ದರೆ ಹೊರಗೇ ನಿಂತು, “ಅಮ್ಮಾ, ಒಂದು ನಿಮಿಷ ನೋಡಬಹುದಾ?” ಎಂದು ಕೇಳಿ. ಸಾಮಾನ್ಯವಾಗಿ ಬನ್ನಿ ಎನ್ನುತ್ತಾರೆ. ಅದು ಮನೆಯೂ ಹೌದು ಎನ್ನುವುದನ್ನು ಮರೆಯಬೇಡಿ. ಕೇಳದೆ ಕ್ಯಾಮೆರಾ ಎತ್ತಬೇಡಿ.

ನಗರ್ತಪೇಟೆಯಲ್ಲಿ ಕಾಳಿಕಾಂಬ ಕಮಠೇಶ್ವರ ದೇವಸ್ಥಾನ ನೋಡಿಕೊಂಡು ತಿಗಳರಪೇಟೆಗೆ ಬನ್ನಿ. ಧರ್ಮರಾಯಸ್ವಾಮಿ ದೇವಸ್ಥಾನ ಕರಗದ ಮನೆ. ಪಾಂಡವರಿಗೆ, ದ್ರೌಪದಿಗೆ ಇಲ್ಲಿ ಪೂಜೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳ ಸಮುದಾಯದವರು ಹೂವಿನ ಕರಗ ಹೊತ್ತು ಇಲ್ಲಿಂದ ಹೊರಡುತ್ತಾರೆ. ಮುಂದೆ ಕತ್ತಿ ಹಿಡಿದ ವೀರಕುಮಾರರು. ರಾತ್ರಿಯೆಲ್ಲಾ ಪೇಟೆ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವುದು ವಾಡಿಕೆ. ಬೇರೆ ದಿನ ಈ ಗುಡಿ ಎಷ್ಟು ಶಾಂತ ಎಂದರೆ, ಕರಗದ ರಾತ್ರಿ ಲಕ್ಷ ಜನ ಸೇರುವ ಜಾಗ ಇದೇನಾ ಅನ್ನಿಸುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ಗುಡಿಗಳು ಬಾಗಿಲು ಹಾಕುತ್ತವೆ, ಅದಕ್ಕೆ ಮುಂಚೆ ಮುಗಿಸಿಕೊಳ್ಳಿ.

ಹತ್ತಿರದಲ್ಲೇ ತಾರಾಮಂಡಲಪೇಟೆ ಇದೆ. ಟಿಪ್ಪುವಿನ ರಾಕೆಟ್‌ಗಳು ಇಲ್ಲಿ ತಯಾರಾಗುತ್ತಿದ್ದವು ಎನ್ನುತ್ತಾರೆ. ಅಲ್ಲಿನ ಸಂಗೀನ್ ಜಾಮಿಯಾ ಮಸೀದಿ ಊರಿನ ಅತಿ ಹಳೆಯ ಮಸೀದಿ ಎಂದು ಹೆಸರಾದದ್ದು, ಮೊಗಲರ ಕೈಯಲ್ಲಿ ಬೆಂಗಳೂರು ಸ್ವಲ್ಪ ಕಾಲ ಇದ್ದಾಗಿನದು. ಅಲ್ಲಿಂದ ನಾಲ್ಕು ಹೆಜ್ಜೆಗೆ ಸಾದರ್ ಪತ್ರಪ್ಪ ರಸ್ತೆ. ಎಸ್.ಪಿ. ರೋಡ್ ಎಂದರೆ ತಿಳಿಯುತ್ತದೆ, ಕಂಪ್ಯೂಟರ್ ಬಿಡಿಭಾಗ, ವೈರು, ಎಲ್‌ಇಡಿ. ಕೆಟ್ಟ ಚಾರ್ಜರ್ ಏನಾದರೂ ಮನೆಯಲ್ಲಿದ್ದರೆ ತಂದಿಟ್ಟುಕೊಳ್ಳಿ, ಇಲ್ಲಿ ಸರಿ ಮಾಡಿಸಿಕೊಳ್ಳಬಹುದು.

ಪಶ್ಚಿಮಕ್ಕೆ, ಚಿಕ್ಕಪೇಟೆ ದಾಟಿ ಬಳೇಪೇಟೆಗೆ

ಮತ್ತೆ ಚೌಕಕ್ಕೆ ಬಂದು ಈ ಸಲ ಚಿಕ್ಕಪೇಟೆ ಬೀದಿಯಲ್ಲಿ ಪಶ್ಚಿಮಕ್ಕೆ ಹೋಗಿ. ಈಗ ಹನ್ನೆರಡೂವರೆ ಆಗಿರುತ್ತದೆ, ಪೇಟೆ ಪೂರ್ತಿ ಎದ್ದಿರುತ್ತದೆ. “ಬನ್ನಿ ಮೇಡಂ, ಬನ್ನಿ ಅಕ್ಕ, ರೇಷ್ಮೆ ಸೀರೆ ಒಳಗಡೆ ಇದೆ” ಎಂದು ಎರಡೂ ಕಡೆಯಿಂದ ಕರೆಯುತ್ತಾರೆ. ಹೀಗೆ ಬಾಗಿಲಲ್ಲಿ ನಿಂತು ಕರೆಯುವವರು ಬಹುಪಾಲು ಅಂಗಡಿಯವರಲ್ಲ, ಕಮಿಷನ್ ಮೇಲೆ ಇರುವವರು. ಅವರ ಹಿಂದೆ ಮೂರು ಗಲ್ಲಿ ಹೋಗಬೇಡಿ. ಸೀರೆ ಬೇಕಿದ್ದರೆ ಇನ್ನೊಂದು ದಿನ ಅದಕ್ಕೆಂದೇ ಬನ್ನಿ. ನಡಿಗೆ ಮತ್ತು ಸೀರೆ ಎರಡೂ ಒಂದೇ ದಿನ ಆಗುವುದಿಲ್ಲ, ಅನುಭವಸ್ಥರನ್ನು ಕೇಳಿ.

ಇಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಒಂದೊಂದಕ್ಕೂ ಒಂದೊಂದು ಸಾಮಾನು. ಮಾಮೂಲ್‌ಪೇಟೆಯಲ್ಲಿ ಆಟಿಕೆ, ಅಲಂಕಾರದ ಸಾಮಾನು. ಸುಲ್ತಾನ್‌ಪೇಟೆಯಲ್ಲಿ ಕಾಗದ, ಮದುವೆ ಕಾರ್ಡು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಬ್ಯಾಗು, ದೀಪ. ಹೆಸರು ನೋಡಿ ಅಕ್ಕಿಪೇಟೆಗೆ ಅಕ್ಕಿ ತರಲು ಹೋಗಬೇಡಿ, ಅಲ್ಲಿ ಈಗ ಔಷಧಿಯ ಸಗಟು ಅಂಗಡಿಗಳು. ಮಕ್ಕಳು ಜೊತೆಗಿದ್ದರೆ ಒಂದು ಆಟ ಆಡಿಸಬಹುದು: ಬೀದಿ ತಿರುಗಿದಾಗ ಮಾರುವ ಸಾಮಾನು ಎಲ್ಲಿ ಬದಲಾಯಿತು ಎಂದು ಅವರು ಹೇಳಬೇಕು. ದೊಡ್ಡವರಿಗಿಂತ ಚೆನ್ನಾಗಿ ಹಿಡಿಯುತ್ತಾರೆ.

ಚಿಕ್ಕಪೇಟೆ ಹತ್ತಿರದ ರಂಗನಾಥಸ್ವಾಮಿ ದೇವಸ್ಥಾನ ತಪ್ಪಿಸಿಕೊಳ್ಳಬೇಡಿ. ಬಟ್ಟೆ ಅಂಗಡಿಗಳ ಹಿಂದೆ ಅಡಗಿದೆ, ಕಂಬಗಳು ವಿಜಯನಗರ ಶೈಲಿಯವು. ಮಧ್ಯಾಹ್ನ ಮುಚ್ಚಿದ್ದರೆ ಇನ್ನೊಂದು ಸಲಕ್ಕೆ ಇರಲಿ.

ಕೊನೆಗೆ ಬಳೇಪೇಟೆ. ಬಳೆ ಇನ್ನೂ ಸಿಗುತ್ತದೆ. ಅದಕ್ಕಿಂತ ನೋಡಬೇಕಾದ್ದು ಇಲ್ಲಿನ ವಾದ್ಯದ ಅಂಗಡಿಗಳು. ವೀಣೆ, ತಂಬೂರಿ, ಮೃದಂಗ, ಹಾರ್ಮೋನಿಯಂ, ಡೋಲು. ಒಳಗೆ ಯಾರೋ ಮೃದಂಗಕ್ಕೆ ಶ್ರುತಿ ಕೂಡಿಸುತ್ತಿದ್ದರೆ ಬಾಗಿಲಲ್ಲಿ ನಿಂತು ಕೇಳಿ. ಅವಸರ ಇಲ್ಲದ ಹೊತ್ತಾದರೆ ಚರ್ಮ ಎಂಥದ್ದು, ಮರ ಎಂಥದ್ದು ಎಂದು ಅವರೇ ಹೇಳುತ್ತಾರೆ.

ಊಟಕ್ಕೆ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನ ಇದೆ. ಸಾಗು ಮಸಾಲೆ ದೋಸೆಗೆ ಹೆಸರಾದದ್ದು. ದೋಸೆಯ ಒಳಗೆ ಆಲೂಗಡ್ಡೆ ಪಲ್ಯದ ಜಾಗದಲ್ಲಿ ಸಾಗು. ಮಾಂಸಾಹಾರ ತಿನ್ನುವವರು ಕಾಟನ್‌ಪೇಟೆ ಕಡೆ ಹೋಗಿ ಮಿಲಿಟರಿ ಹೋಟೆಲ್ ಹುಡುಕಿ, ಹಳೇವು ಆ ಕಡೆ ಇವೆ. ಚಿಕ್ಕಪೇಟೆಯಲ್ಲಿ ದೊನ್ನೆ ಬಿರಿಯಾನಿಯೂ ಸಿಗುತ್ತದೆ. ಒಂದೂವರೆ ದಾಟಿದರೆ ಎಲ್ಲಾ ಕಡೆ ಕಾಯಬೇಕು.

ಮಾತುಕತೆ

ಪೇಟೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಮಾರ್ವಾಡಿ ಎಲ್ಲಾ ಒಂದೇ ಗಲ್ಲಿಯಲ್ಲಿ ಕೇಳಿಸುತ್ತವೆ. ನೀವು ಕನ್ನಡದಲ್ಲೇ ಶುರು ಮಾಡಿ. ನಾಲ್ಕು ಭಾಷೆ ಬಲ್ಲವರೇ ಇಲ್ಲಿ ವ್ಯಾಪಾರಕ್ಕೆ ಕೂರುವುದು, ನಾವೇ ಮೊದಲು ಹಿಂದಿಗೋ ಇಂಗ್ಲಿಷ್‌ಗೋ ಜಾರುವ ಅಗತ್ಯ ಇಲ್ಲ. ಹಮಾಲಿಗೆ, ಹೂವಿನವರಿಗೆ ಅಣ್ಣ, ಅಕ್ಕ. ಗದ್ದುಗೆ ಮೇಲೆ ಕೂತ ವಯಸ್ಸಾದವರಿಗೆ ಯಜಮಾನ್ರೆ. ಅಂಗಡಿ ಎಷ್ಟು ವರ್ಷದ್ದು ಎಂದು ಕೇಳಿ ನೋಡಿ. ಗಿರಾಕಿ ಇಲ್ಲದ ಹೊತ್ತಾದರೆ ಸ್ಟೂಲ್ ಎಳೆದು ಕೂರಿಸಿ, ಅವರ ತಾತನಿಂದ ಶುರು ಮಾಡುತ್ತಾರೆ. ಗಿರಾಕಿ ಬಂದ ತಕ್ಷಣ ಎದ್ದುಬಿಡಿ, ಅದು ಅವರ ಹೊಟ್ಟೆಪಾಡು.

ಫೋಟೊಗೆ ಒಪ್ಪಿಗೆ ಕೇಳುವುದು ಮರ್ಯಾದೆ. ಚಿನ್ನ ಬೆಳ್ಳಿ ಅಂಗಡಿಗಳ ಒಳಗಡೆ ಕ್ಯಾಮೆರಾ ತೆಗೆಯಲೇ ಬೇಡಿ. ಹೂವಿನವರು ನಗುತ್ತಾ ಪೋಸ್ ಕೊಟ್ಟರೆ ಒಂದು ಮೊಳ ಕೊಂಡರೂ ಸಾಕು, ಲೆಕ್ಕ ಸರಿಯಾಯಿತು.

ಅರ್ಧ ದಿನ ಇಲ್ಲದವರಿಗೆ

ಎರಡೇ ಗಂಟೆ ಇದ್ದರೆ ಎರಡು ದಾರಿ. ಬೆಳಗ್ಗೆ ಎದ್ದೇಳುವವರು ಆರರಿಂದ ಎಂಟರ ತನಕ ಹೂವಿನ ಮಾರ್ಕೆಟ್, ತರಗುಪೇಟೆ, ತಿಂಡಿ ಮುಗಿಸಿ ಆಫೀಸಿಗೆ ಹೋಗಬಹುದು. ಎದ್ದೇಳದವರು ಹತ್ತಕ್ಕೆ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಬಳೇಪೇಟೆ, ಚಿಕ್ಕಪೇಟೆ ಬೀದಿ, ಚೌಕ, ಅವೆನ್ಯೂ ರಸ್ತೆಯ ಉತ್ತರ ಭಾಗ ನೋಡಿ ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಹೊರಬೀಳಬಹುದು. ಅಲ್ಲಿಂದ ಸೆಂಟ್ರಲ್ ಕಾಲೇಜು ಮೆಟ್ರೊ ನಿಲ್ದಾಣ ನಡೆದು ಹೋಗುವ ದೂರದಲ್ಲೇ ಇದೆ.

ಸಂಜೆ ನಾಲ್ಕರಿಂದ ಎಂಟರ ತನಕ ನಡಿಗೆಗೆ ಬರಬೇಡಿ. ಲೋಡ್ ಆಟೊ, ತಳ್ಳುಗಾಡಿ, ಮನೆಗೆ ಹೋಗುವವರು ಎಲ್ಲಾ ಒಟ್ಟಿಗೆ ಬೀದಿಗೆ ಇಳಿದಿರುತ್ತಾರೆ. ಮಳೆಗಾಲದಲ್ಲಿ ಮಧ್ಯಾಹ್ನ ಮೋಡ ಕಟ್ಟಿದರೆ ನಡಿಗೆ ಅಲ್ಲಿಗೇ ನಿಲ್ಲಿಸಿ ಹತ್ತಿರದ ಮೆಟ್ರೊಗೆ ಹೋಗಿ, ಪೇಟೆಯ ಗಲ್ಲಿಗಳಲ್ಲಿ ನೀರು ನಿಲ್ಲಲು ಹತ್ತು ನಿಮಿಷ ಸಾಕು. ಕರಗದ ರಾತ್ರಿಗೆ ಬರುವ ಆಸೆ ಇದ್ದರೆ ಈ ದಾರಿಯನ್ನು ಹಗಲಿನಲ್ಲಿ ಒಮ್ಮೆ ನಡೆದಿಟ್ಟುಕೊಳ್ಳಿ. ಆ ರಾತ್ರಿ ಯಾವ ಗಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಗೋಡೆಗೆ ಒರಗಿ ನಿಲ್ಲುವ ಜಾಗ ಸಿಗುತ್ತದೆ.